ಕಲ್ಲು ಉಳೀತು, ಕಾವು ಎಲ್ಲಿ?

ಕೊಡಲಿ ಸಡಿಲಾದದ್ದು ಮೊದಲು ಗೊತ್ತಾಗುವುದು ಕಿವಿಗೆ. ಕಾವಿನಲ್ಲಿ ಬಿಗಿಯಾಗಿ ಕೂತ ಕೊಡಲಿ ಬೊಡ್ಡೆಗೆ ಬಿದ್ದರೆ ಒಂದೇ ಸದ್ದು. ಸಡಿಲಾಗಿದ್ದರೆ ಆ ಸದ್ದಿನ ಬೆನ್ನಿಗೇ ಇನ್ನೊಂದು ಸಣ್ಣ ಸದ್ದು ಬರುತ್ತದೆ. ಕಬ್ಬಿಣ ಕಟ್ಟಿಗೆಯ ಮೇಲೆ ಒಂದಿಷ್ಟೇ ಜರುಗಿದ ಸದ್ದು ಅದು. ಬೇಲಿಯಾಚೆ ಪಕ್ಕದ ಮನೆಯ ತಾತ ಜಾಲಿ ಬೊಡ್ಡೆ ಸೀಳುತ್ತಿದ್ದಾಗ ನನಗೆ ಕೇಳಿಸಿದ್ದು ಈ ಎರಡನೆಯದು.

“ತಾತಾ, ಕೊಡ್ಲಿ ಅಲ್ಲಾಡಾಕತ್ತೈತಿ.”

“ನನಗೂ ಕೇಳಿಸ್ತಪ. ಅದಕ್ಕ ನಿಲ್ಲಿಸೀನಿ. ಇನ್ನ ನಾಕು ಏಟು ಹಾಕಿದ್ರ ಹಾರಿ ನಿನ್ನ ಅಂಗಳಕ್ಕ ಬೀಳ್ತೈತಿ.”

ಬೇಸಿಗೆಯಲ್ಲಿ ನಮ್ಮ ಬಳ್ಳಾರಿ ಸೀಮೆಯ ಕೊಡಲಿಗಳಿಗೆಲ್ಲ ಇದೇ ಕಾಯಿಲೆ. ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಗಾಳಿಯಲ್ಲಿ ಪಸೆ ಇರುವುದಿಲ್ಲ. ಕಟ್ಟಿಗೆ ಒಳಗಿನ ತೇವ ಬಿಟ್ಟು ಕುಗ್ಗುತ್ತದೆ. ಕಬ್ಬಿಣದ ತೂತು ಇದ್ದಷ್ಟೇ ಇರುತ್ತದೆ. ತಾತನ ಮೊಮ್ಮಗ ಒಂದು ಬಕೆಟ್ಟು ನೀರು ತಂದಿಟ್ಟು, “ರಾತ್ರಿಯೆಲ್ಲ ನೆನೆಯಾಕ ಇಡು ತಾತಾ, ಬೆಳಿಗ್ಗೆ ಬಿಗಿ ಆಗಿರ್ತೈತಿ” ಅಂದ. ಊರಿನ ಅರ್ಧ ಜನ ಮಾಡುವುದು ಇದನ್ನೇ. ತಾತ ಬಕೆಟ್ಟನ್ನು ಎಮ್ಮೆಯ ಮುಂದೆ ಸರಿಸಿದರು.

“ಇವತ್ತು ಬಿಗಿ ಆಗ್ತೈತಿ, ಖರೆ. ನಾಳೆ ಒಣಗಿದ ಮ್ಯಾಲ ಮೊದಲಿಗಿಂತ ಜಾಸ್ತಿ ಸಡಿಲ ಆಗ್ತೈತಿ. ನೀರು ಕುಡಿಸಿ ಕುಡಿಸಿ ಕಾವು ಸಾಯಿಸ್ತಾರ ಈ ಮಂದಿ.”

ತಾತ ಹೇಳಿದ್ದರ ಹಿಂದೆ ಸರಿಯಾದ ಕಾರಣವಿದೆ. ನೆಂದ ಕಟ್ಟಿಗೆ ಹಿಗ್ಗಲು ನೋಡುತ್ತದೆ, ಸುತ್ತಲೂ ಇರುವ ಕಬ್ಬಿಣ ಬಿಡುವುದಿಲ್ಲ. ಹಿಗ್ಗಲು ಜಾಗವಿಲ್ಲದ ನಾರು ತನ್ನ ಒತ್ತಡಕ್ಕೆ ತಾನೇ ನಜ್ಜುಗುಜ್ಜಾಗುತ್ತದೆ. ಒಣಗಿದಾಗ ಆ ನಜ್ಜಾದ ನಾರು ಹಳೆಯ ದಪ್ಪಕ್ಕೆ ಮರಳುವುದಿಲ್ಲ. ಪ್ರತಿ ಸಲ ನೆನೆಸಿದಾಗಲೂ ಕಾವಿನ ಕೊರಳು ಒಂದಿಷ್ಟು ಸಣ್ಣದಾಗುತ್ತ ಹೋಗುತ್ತದೆ. ಕೊನೆಗೆ ಒಂದು ದಿನ ಕೊಡಲಿ ಕೈಬಿಟ್ಟು ಹಾರುತ್ತದೆ. ಹಾಗೆ ಹಾರಿದ ಕೊಡಲಿ ಎಲ್ಲಿ ಬಿದ್ದೀತು, ಯಾರ ಮೇಲೆ ಬಿದ್ದೀತು ಅನ್ನುವುದು ಹುಡುಗಾಟದ ಮಾತಲ್ಲ. ನೀರಿನ ಬದಲು ಎಣ್ಣೆ ಕುಡಿಸಬೇಕು. ಅಗಸೆ ಎಣ್ಣೆ ಉತ್ತಮ, ಅದು ಕಟ್ಟಿಗೆಯೊಳಗೆ ಇಳಿದು ಗಟ್ಟಿಯಾಗಿ ನಿಲ್ಲುತ್ತದೆ. ತೇವ ಬಂದು ಹೋಗುವ ಆಟ ಅದರಿಂದ ನಿಧಾನವಾಗುತ್ತದೆ.

ತಾತ ಹಳೆಯ ಕಾವನ್ನು ಬಡಿದು ಹೊರಗೆ ಹಾಕಿ, ಹಿತ್ತಿಲ ಮಾಡಿನಿಂದ ಒಂದು ಹೊಸ ಕಟ್ಟಿಗೆ ತಂದರು. ಅಲ್ಲಿಂದ ಮುಂದೆ ನಾನು ಬೇಲಿ ಬಿಟ್ಟು ಕದಲಲಿಲ್ಲ.

ಬೇಲಿ ನಮ್ಮದು ಬಳ್ಳಾರಿ ಜಾಲಿಯದು. ಅಮೆರಿಕ ಖಂಡದಿಂದ ಬಂದ ಗಿಡ. 19ನೇ ಶತಮಾನ ಮುಗಿಯುವುದರೊಳಗೆ ಬ್ರಿಟಿಷರ ಕೈಯಲ್ಲಿ ಈ ದೇಶಕ್ಕೆ ಕಾಲಿಟ್ಟಿತು. ಈಗ ನಾಡೆಲ್ಲ ಅದನ್ನು ನಮ್ಮ ಜಿಲ್ಲೆಯ ಹೆಸರಿನಿಂದಲೇ ಕರೆಯುತ್ತದೆ. ಅದರಿಂದಲೇ ಕಾವು ಮಾಡಬಹುದಲ್ಲ ಅಂತ ಕೇಳಿದೆ. “ಗಟ್ಟಿ ಐತಿ, ಉರಿಯಾಕ ಭಾಳ ಚಲೋ. ಆದ್ರ ಎರಡು ಮೊಳ ನೆಟ್ಟಗಿರೋದು ಒಂದು ಹುಡುಕಿ ಕೊಡು ನೋಡಾಣ” ಅಂದರು. ಕಾವಿಗೆ ಬೇಕಾದದ್ದು ಬರೀ ಗಟ್ಟಿತನ ಅಲ್ಲ. ಏಟು ಬಿದ್ದಾಗ ಕೊಂಚ ಬಾಗಿ ಮತ್ತೆ ನೆಟ್ಟಗಾಗುವ ಗುಣವೂ ಬೇಕು. ಆ ಗುಣ ಇಲ್ಲದಿದ್ದರೆ ಏಟಿನ ಅದುರು ನೇರವಾಗಿ ಮೊಣಕೈಗೆ, ಹೆಗಲಿಗೆ ಬರುತ್ತದೆ. ಹಳ್ಳದ ದಂಡೆಯ ಕರಿಜಾಲಿ ಆಗುತ್ತದೆ, ಸಂಡೂರು ಗುಡ್ಡದ ಕಡೆಯ ದಿಂಡಿಗ ಅದಕ್ಕಿಂತ ಮೇಲು, ತಡಸಲು ಸಿಕ್ಕರೆ ಬೇರೆ ಮಾತೇ ಇಲ್ಲ. ಇದು ತಾತನ ಲೆಕ್ಕ. ಬಂಡಿಯ ಅಚ್ಚಿಗೂ ದಿಂಡಿಗವನ್ನೇ ಆರಿಸುತ್ತಿದ್ದರೆಂದು ಅವರೇ ಹೇಳಿದರು. ದಿನವಿಡೀ ಏಟು ತಿನ್ನುವ ಜಾಗಕ್ಕೆ ಯಾವ ಮರ ಅನ್ನುವುದು ಈ ಸೀಮೆಯ ಜನಕ್ಕೆ ಪುಸ್ತಕ ಇಲ್ಲದೆಯೇ ಗೊತ್ತಿತ್ತು.

ಅವರು ತಂದ ಕಟ್ಟಿಗೆ ಗರಗಸದಿಂದ ಕೊಯ್ದದ್ದಲ್ಲ, ಸೀಳಿದ್ದು. ಗರಗಸಕ್ಕೆ ಎಳೆಯ ಹಂಗಿಲ್ಲ, ಎಳೆಯನ್ನು ಅಡ್ಡಡ್ಡ ಕತ್ತರಿಸಿಕೊಂಡು ಹೋಗಿಬಿಡುತ್ತದೆ. ಹಾಗೆ ಎಳೆ ಕಡಿದ ಕಾವು ಮೊದಲ ಬಿಗಿ ಏಟಿಗೇ ಓರೆಯಾಗಿ ಮುರಿಯುತ್ತದೆ. ಸೀಳಿದರೆ ಕಟ್ಟಿಗೆ ತನ್ನ ಎಳೆಯ ದಾರಿಯಲ್ಲೇ ಬಿಚ್ಚಿಕೊಳ್ಳುತ್ತದೆ, ಈ ತುದಿಯಲ್ಲಿ ಹಿಡಿದ ಎಳೆ ಆ ತುದಿಯವರೆಗೆ ಹರಿದಿರುತ್ತದೆ. ಗಂಟು ಇರಬಾರದು. ಕಡಿದ ಮೇಲೆ ಬಿಸಿಲಿಗೆ ಹಾಕದೆ ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸಬೇಕು. ಹಸಿ ಕಟ್ಟಿಗೆಗೆ ಕೊಡಲಿ ಕೂಡಿಸಿದರೆ ಒಣಗುವಾಗ ಅದು ಕುಗ್ಗಿಯೇ ಕುಗ್ಗುತ್ತದೆ, ಆಮೇಲೆ ಯಾವ ಬೆಣೆ ಹೊಡೆದರೂ ಅಷ್ಟಕ್ಕಷ್ಟೇ.

ಬಾಚಿ ಹಿಡಿದು ಕೆತ್ತುತ್ತ ಕೆತ್ತುತ್ತ ತಾತ ನಡುನಡುವೆ ಕಾವಿನ ಮೂತಿಯನ್ನು ಕೊಡಲಿಯ ತೂತಿಗೆ ತೂರಿಸಿ ತೆಗೆಯುತ್ತಿದ್ದರು. ತೂತಿನ ಒಳಮೈಗೆ ಮೊದಲೇ ಒಲೆಯ ಮಸಿ ಬಳಿದಿದ್ದರು. ಕಟ್ಟಿಗೆ ಎಲ್ಲಿ ತಾಗುತ್ತದೋ ಅಲ್ಲಿ ಕಪ್ಪು ಹತ್ತುತ್ತದೆ, ಆ ಕಪ್ಪನ್ನಷ್ಟೇ ಕೆತ್ತಬೇಕು. ಮತ್ತೆ ತೂರಿಸು, ಮತ್ತೆ ತೆಗೆ. ಕೊನೆಕೊನೆಗೆ ಕಪ್ಪು ಒಂದೆರಡು ಕಡೆ ಚುಕ್ಕಿಯಾಗಿ ನಿಲ್ಲದೆ ಸುತ್ತಲೂ ಸಮನಾಗಿ ಹತ್ತತೊಡಗಿತು. ಆಗ ಕಾವಿನ ತಲೆಯಲ್ಲಿ ಒಂದು ಸೀಳು ಮಾಡಿ, ಕೊಡಲಿ ಹಾಕಿ, ಕೊಡಲಿ ಕೆಳಗಾಗುವಂತೆ ಕಾವನ್ನು ತೂಗು ಹಿಡಿದು ಮೇಲಿನ ತುದಿಗೆ ಕೊಡತಿಯಿಂದ ಬಡಿದರು. ಬಡಿದದ್ದು ಕಾವಿಗೆ, ಆದರೆ ಕೊಡಲಿ ತಾನೇ ಕಾವಿನ ಮೇಲೆ ಇಂಚಿಂಚಾಗಿ ಏರತೊಡಗಿತು! ಮೊಮ್ಮಗ ಕಣ್ಣು ಬಿಟ್ಟು ನೋಡಿದ. ಭಾರವಾದ ಕಬ್ಬಿಣ ಇದ್ದಲ್ಲೇ ಇರಲು ನೋಡುತ್ತದೆ, ಹಗುರವಾದ ಕಾವು ಅದರೊಳಗೆ ನುಗ್ಗುತ್ತದೆ. ಶಾಲೆಯಲ್ಲಿ ಜಡತ್ವ ಅಂತ ಪಾಠ ಮಾಡುವುದು ಇದನ್ನೇ. ಕೊಡಲಿಯನ್ನು ನೆಲಕ್ಕಿಟ್ಟು ಅದರ ತಲೆಗೆ ಸುತ್ತಿಗೆಯಿಂದ ಜಡಿಯುವವರು ಬೇಕಾದಷ್ಟು ಜನ ಇದ್ದಾರೆ. ಅದರಿಂದ ಕಬ್ಬಿಣವೂ ಕೆಡುತ್ತದೆ, ಕೂಡಿಕೆಯೂ ಓರೆಯಾಗುತ್ತದೆ.

ಕೊನೆಗೆ ಬೆಣೆ. ಒಣಗಿದ ಹುಣಸೆಯ ಚೆಕ್ಕೆಯನ್ನು ತೆಳ್ಳಗೆ, ಉದ್ದಕ್ಕೆ ಕೆತ್ತಿ ಆ ಸೀಳಿಗೆ ಹೊಡೆದರು. ಚಲೋ ಕಮ್ಮಾರ ಮಾಡಿದ ಕೊಡಲಿಯ ತೂತು ಎರಡೂ ಬಾಯಿಯಲ್ಲಿ ಅಗಲ, ನಡುವೆ ತುಸು ಬಿಗಿ. ಕೆಳಗಿನಿಂದ ಏರಿದ ಕಾವು ನಡುವಿನ ಬಿಗಿಯನ್ನು ದಾಟಿ ಮೇಲೆ ಬಂದಾಗ ಬೆಣೆ ಅದನ್ನು ಅಗಲಿಸುತ್ತದೆ. ಆಮೇಲೆ ಕೊಡಲಿ ಮೇಲಕ್ಕೂ ಹೋಗಲಾರದು, ಕೆಳಕ್ಕೂ ಇಳಿಯಲಾರದು.

ಪಿಕಾಸಿಯ ಕಥೆ ಬೇರೆ. ಅದಕ್ಕೆ ಬೆಣೆ ಬೇಡ. ಕಾವನ್ನು ಮೇಲಿನಿಂದ ಇಳಿಸುತ್ತಾರೆ, ಮೇಲ್ತುದಿ ದಪ್ಪ ಇರುತ್ತದೆ. ಬೀಸಿದಷ್ಟೂ ಕಬ್ಬಿಣ ಹೊರಕ್ಕೆ ಎಳೆಯುತ್ತದೆ, ಎಳೆದಷ್ಟೂ ದಪ್ಪ ತುದಿಗೆ ಹೋಗಿ ಕಚ್ಚಿಕೊಳ್ಳುತ್ತದೆ. ಸಂಜೆ ಕಾವಿನ ತಲೆಯನ್ನು ಕಲ್ಲಿಗೆ ಕುಟ್ಟಿದರೆ ಬಿಚ್ಚಿಯೂ ಬಿಡಬಹುದು. ನಮ್ಮ ಬೇಲಿಯ ಜಾಲಿ ಬಂದ ಅದೇ ಅಮೆರಿಕದಲ್ಲಿ ಅಲ್ಲಿಯ ಮೂಲನಿವಾಸಿಗಳು ಹಿಡಿಯುತ್ತಿದ್ದ ಟೊಮಾಹಾಕ್ ಅನ್ನುವ ಕೈಗೊಡಲಿಯೂ ಹೀಗೇ ಅಂತ ತಾತನಿಗೆ ಹೇಳಿದೆ. ಮೊದಲು ಅವರದು ಕಲ್ಲಿನದು. ಯುರೋಪಿನ ವ್ಯಾಪಾರಿಗಳು ಬಂದ ಮೇಲೆ ಕಬ್ಬಿಣದ ತಲೆ ಸಿಕ್ಕಿತು, ಕಾವು ಮೇಲಿನಿಂದ ಇಳಿಯತೊಡಗಿತು. ಕಾಡಿನ ನಡುವೆ ಕಾವು ಮುರಿದರೆ ಒಂದು ಕೊಂಬೆ ಕಡಿದು, ಹೆರೆದು, ಇಳಿಸಿಕೊಂಡರೆ ಆಯಿತು. ಬೆಣೆ, ಕೊಡತಿ ಹುಡುಕುವ ಗೋಜಿಲ್ಲ.

“ಮೊದಲು ಕಲ್ಲಿಂದು ಅಂದ್ಯಲ್ಲ,” ತಾತ ಬಾಚಿ ಕೆಳಗಿಟ್ಟರು. “ನಮ್ಮ ಹಿರೇಗುಡ್ಡದಾಗೂ ಕಲ್ಲಿನ ಕೊಡ್ಲಿ ಮಾಡ್ತಿದ್ರು ಅಂತಾರ. ಕಲ್ಲಿಗೆ ಕಾವು ಹೆಂಗ ಹಾಕಿದ್ರಪ?”

ನಾನು ಬಹಳ ದಿನದಿಂದ ಯಾರಾದರೂ ಕೇಳಲಿ ಅಂತ ಕಾದಿದ್ದ ಪ್ರಶ್ನೆ ಅದು.

ಸಂಗನಕಲ್ಲಿನವರು ನಾವು ದಿನಾ ನೋಡುವ ಗುಡ್ಡದ ಬಗ್ಗೆ ಎರಡು ಮಾತು ಹೇಳಲೇಬೇಕು. ಹಿರೇಗುಡ್ಡ ಕಣಶಿಲೆಯ ಗುಡ್ಡ. ಅದರ ನಡುವೆ ಕಪ್ಪು ಡೊಲೆರೈಟ್ ಕಲ್ಲಿನ ಪಟ್ಟಿಯೊಂದು ಹಾದಿದೆ. ಭೂವಿಜ್ಞಾನ ಸರ್ವೇಕ್ಷಣೆಯಲ್ಲಿದ್ದ ರಾಬರ್ಟ್ ಬ್ರೂಸ್ ಫೂಟ್ 1872ರ ಹೊತ್ತಿಗೆ ಇಲ್ಲಿ ಅಡ್ಡಾಡಿ, ಇದು ನವಶಿಲಾಯುಗದ ಜನ ಕೊಡಲಿ ಮಾಡುತ್ತಿದ್ದ ಕಾರ್ಖಾನೆ ಅಂತ ಗುರುತಿಸಿದರು. 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಹಳೆಶಿಲಾಯುಗದ ಕೈಗೊಡಲಿ ಎತ್ತಿದವರೂ ಅವರೇ. ಅವರು ಕೂಡಿಹಾಕಿದ ಕಲ್ಲುಗಳೆಲ್ಲ 1904ರಲ್ಲಿ ಮದ್ರಾಸ್ ಮ್ಯೂಸಿಯಂ ಸೇರಿದವು. ಆಮೇಲೆ ಬಿ. ಸುಬ್ಬರಾವ್ 1940ರ ದಶಕದಲ್ಲಿ ಅಗೆದರು. 1964–65ರಲ್ಲಿ ಅನ್ಸಾರಿ ಮತ್ತು ಎಂ. ಎಸ್. ನಾಗರಾಜರಾವ್ ಅಗೆದರು. 1990ರ ದಶಕದ ಕೊನೆಯಿಂದ ರವಿ ಕೋರಿಶೆಟ್ಟರ್ ಅವರು ನಿಕೋಲ್ ಬೊಯ್ವಿನ್, ಡೋರಿಯನ್ ಫುಲ್ಲರ್ ಮೊದಲಾದವರ ಜೊತೆ ಕೆಲಸ ಮಾಡಿದರು. ಕ್ರಿಸ್ತಪೂರ್ವ 2ನೇ ಸಹಸ್ರಮಾನದಲ್ಲಿ ಇಲ್ಲಿ ದನ ಸಾಕಿಕೊಂಡು, ಹುರಳಿ ಹೆಸರು ಕೊರಲೆ ಬೆಳೆದುಕೊಂಡು ಇದ್ದ ಜನ ಅದೇ ಕಪ್ಪು ಕಲ್ಲನ್ನು ಒಡೆದು ಕೊಡಲಿ ಮಾಡುತ್ತಿದ್ದರು. ಮೊದಲು ಚೆಕ್ಕೆ ಎಬ್ಬಿಸಿ ಆಕಾರ ತರುವುದು, ಆಮೇಲೆ ಕುಟ್ಟಿ ಕುಟ್ಟಿ ಉಬ್ಬುತಗ್ಗು ಇಳಿಸುವುದು, ಆಮೇಲೆ ಬಂಡೆಗೆ ತಿಕ್ಕಿ ತಿಕ್ಕಿ ಅಲಗು ತರುವುದು. ತಿಕ್ಕಿದ ಬಂಡೆಗಳ ಮೇಲೆ ನುಣುಪಾದ ತೋಡುಗಳು ಇವತ್ತಿಗೂ ಕಾಣುತ್ತವೆ. ಅದೇ ಗುಡ್ಡದ ಡೊಲೆರೈಟ್ ಬಂಡೆಗಳ ಮೇಲೆ ಎತ್ತುಗಳ ಚಿತ್ರ ಕುಟ್ಟಿದ್ದಾರೆ. ಕೆಲವು ಬಂಡೆಗಳಿಗೆ ಕಲ್ಲಿನಿಂದ ಬಡಿದರೆ ಗಂಟೆಯ ಹಾಗೆ ದನಿ ಬರುತ್ತದೆ. ಪಕ್ಕದ ಕಪ್ಪಗಲ್ಲು ಊರಿನ ಹುಡುಗರಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ.

ಬಳ್ಳಾರಿಯಲ್ಲಿ ಕೋರಿಶೆಟ್ಟರ್ ಅವರು ಕಟ್ಟಿ ನಿಲ್ಲಿಸಿದ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯಕ್ಕೆ ಹೋದರೆ ಈ ಕೊಡಲಿಗಳನ್ನು ಕಣ್ಣಾರೆ ನೋಡಬಹುದು. ಮುಕ್ಕೋನದ ಆಕಾರ, ಒಂದು ಕಡೆ ಬಾಗಿದ ಅಲಗು, ಇನ್ನೊಂದು ಕಡೆ ಚೂಪಾಗುತ್ತ ಹೋದ ಹಿಂಬದಿ. ಅದನ್ನು ನೋಡುತ್ತ ನಿಂತಾಗಲೆಲ್ಲ ನನಗೆ ಅರ್ಧ ವಸ್ತುವನ್ನು ನೋಡುತ್ತಿದ್ದೇನೆ ಅನ್ನಿಸುತ್ತದೆ. ಕಲ್ಲು ಉಳಿಯಿತು. ಕಾವನ್ನು ಗೆದ್ದಲು ತಿಂದಿತು, ನಮ್ಮ ಮಳೆ ಬಿಸಿಲು ತಿಂದವು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ನಾಗರಾಜರಾವ್ ಅವರು 1963–64ರಲ್ಲಿ ಅಗೆದಾಗ ಗುಡಿಸಲಿನ ಕಂಬ ನೆಟ್ಟ ಕುಣಿಗಳು ಸಿಕ್ಕವು, ಕಂಬಗಳಿಲ್ಲ. ಆ ಕಂಬಗಳನ್ನು ಕಡಿದ ಕೊಡಲಿಯ ಕಾವಿಗೂ ಅದೇ ಗತಿ.

ಇದನ್ನೆಲ್ಲ ತಾತನಿಗೆ ಹೇಳಿ, ಕಲ್ಲಿನ ಆಕಾರವನ್ನು ಮಣ್ಣಿನಲ್ಲಿ ಗೀಚಿ ತೋರಿಸಿದೆ. ಕಲ್ಲಿನಲ್ಲಿ ತೂತಿಲ್ಲ ಅಂದೆ. ಅವರು ಗೀಟಿನ ಮೇಲೆ ಕಣ್ಣಿಟ್ಟು ಸುಮ್ಮನೆ ಕೂತರು.

“ತೂತು ಕಲ್ಲಾಗ ಇಲ್ಲಂದ್ರ ಕಾವಿನಾಗ ಇರಬೇಕು,” ಅಂದರು. “ಕಟ್ಟಿಗಿ ಕಬ್ಬಿಣದೊಳಗ ಹೋಗೋದರ ಬದ್ಲಿ ಕಲ್ಲು ಕಟ್ಟಿಗಿಯೊಳಗ ಹೋಗ್ತೈತಿ. ಹಿಂಬದಿ ಚೂಪ ಯಾಕ ಮಾಡ್ಯಾರ? ಬಡಿದಂಗ ಬಡಿದಂಗ ಒಳಗ ಬಿಗಿಯಾಗ್ಲಿ ಅಂತ. ನಿನ್ನ ಪಿಕಾಸಿ ಆಟಾನ ಅದು, ತಿರುವಿ ಹಾಕ್ಯಾರ.”

ನಾನು ಮಾತಾಡಲಿಲ್ಲ. ಅವರೇ ಮುಂದುವರಿಸಿದರು.

“ಆದ್ರ ಒಂದು ತ್ರಾಸ ಐತಿ. ಕಲ್ಲು ಬೆಣಿ ಇದ್ದಂಗ. ಬಡಿದ್ರ ಕಾವು ಸೀಳ್ತೈತಿ.”

ಸರಿಯಾಗಿ ಕಷ್ಟ ಇರುವಲ್ಲಿಗೇ ಅವರ ಕೈ ಹೋಗಿತ್ತು. ಕಾವಿನ ಎಳೆ ಉದ್ದಕ್ಕೆ ಹರಿಯುತ್ತದೆ. ಅದರಲ್ಲಿ ಅಡ್ಡಲಾಗಿ ಕೊರೆದ ತೂತಿಗೆ ಕಲ್ಲನ್ನು ಕೂರಿಸಿದರೆ, ಕಲ್ಲಿನ ಎಡಬಲ ಕೆನ್ನೆಗಳು ತೂತಿನ ಗೋಡೆಯನ್ನು ಒತ್ತುತ್ತವೆ. ಆ ಒತ್ತು ಎಳೆಗಳನ್ನು ಬೇರೆ ಬೇರೆ ಮಾಡುವ ಒತ್ತು. ಒಂದಿಷ್ಟು ಏಟಿಗೆ ಕಾವು ಉದ್ದಕ್ಕೆ ಬಿರಿಯುತ್ತದೆ. ಕಲ್ಲಿನ ಮೇಲಂಚು ಕೆಳಂಚು ಮಾತ್ರ ಒತ್ತಿದರೆ ಹಾಗಾಗುವುದಿಲ್ಲ, ಅಲ್ಲಿ ಒತ್ತು ಬೀಳುವುದು ಎಳೆಯ ತುದಿಗಳ ಮೇಲೆ. ಎಳೆ ಉದ್ದಕ್ಕೆ ಎಷ್ಟು ಒತ್ತನ್ನಾದರೂ ತಡೆಯುತ್ತದೆ.

ತಾತ ಇದನ್ನು ಹೇಳಿದ್ದು ಇನ್ನೂ ಚೊಕ್ಕವಾಗಿ: “ಎಡಕ್ಕ ಬಲಕ್ಕ ಒಂದು ಹುಲ್ಲುಕಡ್ಡಿ ಹೋಗುವಷ್ಟು ಜಾಗ ಬಿಡಬೇಕು. ಮ್ಯಾಲ ಕೆಳಗ ಕಚ್ಚಿಸಬೇಕು. ತೂತಿನ ಜಾಗದಾಗ ಕಾವು ದಪ್ಪ ಇರಬೇಕು, ಗಂಟು ಇದ್ರೂ ನಡೀತೈತಿ. ಗಂಟಿನಾಗ ಎಳಿ ಒಂದಕ್ಕೊಂದು ಹೆಣಕೊಂಡಿರ್ತೈತಿ, ಸೀಳಂಗಿಲ್ಲ.”

ಕಬ್ಬಿಣದ ಕೊಡಲಿಗೆ ಗಂಟು ಬೇಡ ಅಂದ ಬಾಯಲ್ಲೇ ಕಲ್ಲಿನ ಕೊಡಲಿಗೆ ಗಂಟು ಬೇಕು ಅಂದರು. ಎರಡೂ ನಿಜ. ಯುರೋಪಿನಲ್ಲಿ ಕಲ್ಲುಕೊಡಲಿಗೆ ಕಾವು ಕೂಡಿಸಿ ಮರ ಕಡಿದು ನೋಡಿದ ವಿದ್ವಾಂಸರು ಮುಟ್ಟಿದ್ದೂ ಈ ತೀರ್ಮಾನವನ್ನೇ: ಮೇಲೆ ಕೆಳಗೆ ತಾಗಲಿ, ಪಕ್ಕದಲ್ಲಿ ತಾಗದಿರಲಿ. ಡೆನ್ಮಾರ್ಕಿನ ಡ್ರಾವೆಡ್ ಕಾಡಿನಲ್ಲಿ 1950ರ ದಶಕದಲ್ಲಿ ಹಳೆಯ ಚಕಮಕಿ ಕಲ್ಲಿನ ಕೊಡಲಿಗಳನ್ನೇ ತಂದು ಮರ ಕಡಿದರು. ಉಕ್ಕಿನ ಕೊಡಲಿಯ ಹಾಗೆ ಮೈಯೆಲ್ಲ ತಿರುಗಿಸಿ ಬೀಸಿದಾಗ ಅಲಗು ಸಿಡಿಯಿತು. ಮೊಣಕೈಯಿಂದ, ಮಣಿಕಟ್ಟಿನಿಂದ ಸಣ್ಣ ಸಣ್ಣ ಏಟು ಚುರುಕಾಗಿ ಹಾಕಲು ಕಲಿತ ಮೇಲೆ ಮರಗಳು ಉರುಳಿದವು. ಅಂದರೆ ನಮ್ಮ ಹಿರೇಗುಡ್ಡದ ಪಕ್ಕದ ಸಣ್ಣರಾಚಮ್ಮನ ಗುಡ್ಡದ ಮೇಲೆ ಬಾಳಿದವನ ಏಟು ತಾತನ ಏಟಿನಂತೆ ಇರಲಿಲ್ಲ. ಕಾವೂ ಅದಕ್ಕೆ ತಕ್ಕಂತೆ ಇದ್ದೀತು.

ಕಾವು ಉಳಿದ ಜಾಗಗಳೂ ಲೋಕದಲ್ಲಿವೆ. 1853–54ರ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಸರೋವರದ ನೀರು ಇಳಿದಾಗ ಕೆಸರಿನಿಂದ ಹಳೆಯ ಊರುಗಳೇ ಎದ್ದವು. ಗಾಳಿ ತಾಗದ ಕೆಸರು ಮರವನ್ನು ಕಾಪಾಡಿತ್ತು. ಅಲ್ಲಿಯ ಸರೋವರದ ಜನ ಕಲ್ಲಿಗೂ ಕಟ್ಟಿಗೆಗೂ ನಡುವೆ ಜಿಂಕೆಯ ಕೊಂಬಿನ ತುಂಡೊಂದನ್ನು ಸೇರಿಸುತ್ತಿದ್ದರು. ಏಟಿನ ಅದುರನ್ನು ಕೊಂಬು ತಿನ್ನುತ್ತದೆ, ಕಾವು ಸೀಳುವುದಿಲ್ಲ. 1991ರಲ್ಲಿ ಆಲ್ಪ್ಸ್ ಪರ್ವತದ ಮಂಜಿನಲ್ಲಿ ಸಿಕ್ಕ, 5,000 ವರ್ಷಕ್ಕೂ ಹಿಂದಿನ ಓಟ್ಸಿ ಎಂಬ ಮನುಷ್ಯನ ಬಳಿ ತಾಮ್ರದ ಕೊಡಲಿ ಕಾವಿನ ಸಮೇತ ಇತ್ತು. ಸುಮಾರು 60 ಸೆಂಟಿಮೀಟರ್ ಉದ್ದದ ಯೂ ಮರದ ಕಾವು. ಮೇಲ್ತುದಿ ಮೊಣಕೈಯ ಹಾಗೆ ಮಡಿಚಿದೆ, ಕೊಂಬೆ ಕವಲೊಡೆದ ಕಡೆಯಿಂದಲೇ ಕಡಿದದ್ದು. ಆ ಕವಲಿನ ಸೀಳಿನಲ್ಲಿ ತಾಮ್ರ ಕೂರಿಸಿ, ಬರ್ಚ್ ಮರದ ಡಾಂಬರು ಮೆತ್ತಿ, ತೊಗಲಿನ ಪಟ್ಟಿ ಸುತ್ತಿದ್ದರು.

ತೊಗಲು ಅಂದ ಕೂಡಲೇ ತಾತನಿಗೆ ಬಾವಿಯಿಂದ ನೀರೆತ್ತುವ ಕಪಿಲೆಯ ಮಿಣಿ ನೆನಪಾಯಿತು. ಹಸಿ ತೊಗಲು ಸುತ್ತಿ ಬಿಟ್ಟರೆ ಒಣಗುತ್ತ ಒಣಗುತ್ತ ಅದು ಹಿಡಿಯುವ ಹಿಡಿತ ಕಬ್ಬಿಣದ ಬಳೆಗೂ ಬರುವುದಿಲ್ಲ ಅಂದರು. ನಮ್ಮ ಹಿರೇಗುಡ್ಡದವರು ದನ ಸಾಕಿದವರು. ಕುಡತಿನಿಯ ಬೂದಿದಿಬ್ಬದಂಥ ರಾಶಿ ರಾಶಿ ಬೂದಿಗುಡ್ಡಗಳು ಆ ಕಾಲದ ಸಗಣಿಯ ಬೂದಿಯೇ. ಅಷ್ಟು ದನ ಇದ್ದ ಕಡೆ ತೊಗಲಿಗೆ ಬರ ಇರಲಾರದು. ಮರದ ಅಂಟಿಗೂ ಬರ ಇರಲಿಲ್ಲ. ಇವೆಲ್ಲ ಕೈಗೆ ಸಿಗುವಂತಿದ್ದಾಗ ಕಾವು ಕಟ್ಟುವ ಜಾಣತನ ಅವರಿಗೆ ಬಾರದೇ ಇದ್ದೀತೆ?

ನನಗೆ ಇನ್ನೂ ಹಿಡಿಸುವ ಸಂಗತಿ ಒಂದಿದೆ. ವಸ್ತುಸಂಗ್ರಹಾಲಯದ ಗಾಜಿನೊಳಗೆ ‘ಕೊಡಲಿ’ ಅಂತ ಮಲಗಿದ ಕಲ್ಲು ಕೊಡಲಿಯೋ ಬಾಚಿಯೋ ಅನ್ನುವುದನ್ನು ತೀರ್ಮಾನಿಸುವುದು ಕಾವು. ಅಲಗು ಕಾವಿಗೆ ಸಾಲಾಗಿ ನಿಂತರೆ ಕೊಡಲಿ, ಅಡ್ಡಲಾಗಿ ನಿಂತರೆ ಬಾಚಿ. ಒಂದು ಮರ ಉರುಳಿಸುತ್ತದೆ, ಇನ್ನೊಂದು ಉರುಳಿದ ಮರವನ್ನು ತೊಲೆ ಮಾಡುತ್ತದೆ. ಕಾವು ಹೋದ ಮೇಲೆ ಸಂಶೋಧಕರು ಅಲಗಿನ ಸವೆತ ಯಾವ ಕಡೆ ಹೆಚ್ಚು, ಗೀರು ಯಾವ ದಿಕ್ಕಿಗೆ, ಹಿಂಬದಿಯಲ್ಲಿ ಕಟ್ಟಿಗೆ ಉಜ್ಜಿದ ಹೊಳಪು ಇದೆಯೇ ಅಂತ ಸೂಕ್ಷ್ಮದರ್ಶಕದಲ್ಲಿ ಹುಡುಕಬೇಕಾಗುತ್ತದೆ. ಕಾವಿನ ಸುದ್ದಿಯನ್ನು ಕಲ್ಲಿನಿಂದ ಹೊರಡಿಸುವ ಕೆಲಸ ಅದು, ಬಹಳ ತಾಳ್ಮೆಯ ಕೆಲಸ.

ಕಬ್ಬಿಣ ಬಂದ ಕೂಡಲೇ ಎಲ್ಲ ಬದಲಾಗಿಬಿಟ್ಟಿತು ಅಂತಲೂ ಇಲ್ಲ. ಬೃಹತ್ ಶಿಲಾಸಮಾಧಿಗಳ ಕಾಲದ ಕಬ್ಬಿಣದ ಕೊಡಲಿಗಳನ್ನು ನೋಡಿ. ನಾಗಪುರದ ಸುತ್ತಿನ ಮಾಹುರ್‌ಝರಿ, ನಾಯ್ಕುಂಡ್‌ನಂಥ ಕಡೆ ಸಿಕ್ಕವು ಚಪ್ಪಟೆ, ತೂತಿಲ್ಲದವು. ಲೋಹ ಹೊಸದು, ಕೂಡಿಕೆಯ ಬುದ್ಧಿ ಕಲ್ಲಿನ ಕಾಲದ್ದೇ. ಕಬ್ಬಿಣವನ್ನು ಕಟ್ಟಿಗೆಗೆ ಹಚ್ಚಿ ಮೇಲೆ ಕಬ್ಬಿಣದ ಪಟ್ಟಿಗಳನ್ನು ಕತ್ತರಿಯ ಹಾಗೆ ಅಡ್ಡಡ್ಡ ಸುತ್ತಿ ಬಿಗಿದಿದ್ದಾರೆ. ತೊಗಲಿನ ಪಟ್ಟಿ ಮಾಡುತ್ತಿದ್ದ ಕೆಲಸವನ್ನು ಕಬ್ಬಿಣದ ಪಟ್ಟಿಗೆ ಕೊಟ್ಟಿದ್ದಾರೆ. ಕಾದ ಕಬ್ಬಿಣವನ್ನು ಮಡಿಚಿ ಬೆಸೆದು ತೂತು ಉಳಿಸುವ ಕಮ್ಮಾರಿಕೆ ಬಂದ ಮೇಲೆಯೇ ಕಬ್ಬಿಣದ ಕೊಡಲಿಯಲ್ಲಿ ಕಟ್ಟಿಗೆ ಒಳಗೆ, ಲೋಹ ಹೊರಗೆ ಆದದ್ದು. ಆ ಅದಲುಬದಲನ್ನು ಮೊದಲು ಮಾಡಿದವನ ಹೆಸರು ಯಾವ ಶಾಸನದಲ್ಲೂ ಇಲ್ಲ. ಬಿಲ್ಲಿನಷ್ಟೇ, ಗಾಲಿಯಷ್ಟೇ ದೊಡ್ಡ ಕೆಲಸ ಅದು ಅಂತ ನಾನು ನಂಬುತ್ತೇನೆ.

‘ಕೊಡಲಿ ಕಾವು ಕುಲಕ್ಕೆ ಸಾವು’ ಅಂತ ಗಾದೆ ಕಾವನ್ನು ಬೈಯುತ್ತದೆ. ಮರದ ಮಗನೇ ಮರಕ್ಕೆ ಮುಳುವಾದ ಅಂತ. ನನಗೆ ಅದು ಪೂರ್ತಿ ಒಪ್ಪಿಗೆ ಇಲ್ಲ. ನೇಗಿಲು, ಬಂಡಿ, ತೊಟ್ಟಿಲು, ಬಾಗಿಲು ಎಲ್ಲ ಆ ಕಾವು ಹಿಡಿದ ಕೈಯಿಂದಲೇ ಬಂದವು.

ತಾತನ ಹರೆಯದಲ್ಲಿ ಕಾವು ಹಾಕಿಸಲು ರೊಕ್ಕ ಕೊಡುತ್ತಿರಲಿಲ್ಲ. ಬಡಿಗ, ಕಮ್ಮಾರ ಊರಿನ ಆಯಗಾರರು. ವರ್ಷವಿಡೀ ನೇಗಿಲು ಕುಂಟೆ ಕೊಡಲಿ ದುರಸ್ತಿ ಮಾಡಿಕೊಡುವುದು, ಸುಗ್ಗಿಯಲ್ಲಿ ಕಣಕ್ಕೆ ಬಂದು ಜೋಳ ಅಳೆಸಿಕೊಳ್ಳುವುದು. ಮುಂಗಾರಿಗೆ ಮೊದಲು ಕುಲುಮೆಯ ಮುಂದೆ ಸಾಲು ನಿಲ್ಲುತ್ತಿತ್ತಂತೆ. ಈಗ ಅಂಗಡಿಯಲ್ಲಿ ಪೈಪು ವೆಲ್ಡಿಂಗ್ ಮಾಡಿದ ಕೊಡಲಿ ಸಿಗುತ್ತದೆ. ಸಡಿಲಾಗುವ ಮಾತೇ ಇಲ್ಲ ಅಂತ ಮಾರುತ್ತಾರೆ. ನಿಜ, ಸಡಿಲಾಗುವುದಿಲ್ಲ. ಆದರೆ ಪೈಪು ಏಟನ್ನು ನುಂಗುವುದಿಲ್ಲ, ಬೆಸುಗೆಯ ಪಕ್ಕದಲ್ಲಿ ಒಂದು ದಿನ ಬಿರುಕು ಬಿಡುತ್ತದೆ. ಕಟ್ಟಿಗೆಯ ಹಾಗೆ ಚಿರ್ರೆಂದು ಮುನ್ಸೂಚನೆ ಕೊಡದೆ ಮುರಿಯುತ್ತದೆ. ದಿನಗೂಲಿಗೆ ಜಾಲಿ ಕಡಿಯುವವರು ಸಂಜೆ ಮೊಣಕೈ ನೀವಿಕೊಳ್ಳುತ್ತ ಕೂತಿರುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಒಂದು ಸರಿಯಾದ ಕಾವು ಅವರ ಹೆಗಲನ್ನು ಎಷ್ಟೋ ವರ್ಷ ಉಳಿಸೀತು.

ಇನ್ನೂ ಹೆಚ್ಚಿನ ಸಂಕಟ ಬೇರೆ ಇದೆ. ಹಿರೇಗುಡ್ಡದ ಕಲ್ಲುಗಳಿಗೆ ಗಣಿಯಿಂದ, ಕ್ವಾರಿಯಿಂದ ಅಪಾಯ ಬಂದಾಗ ಕೂಗೆಬ್ಬಿಸಿದವರು ಇದ್ದರು. ಅವರಿಗೆ ನಾವು ಕೈ ಮುಗಿಯಬೇಕು. ಕಾವಿನ ವಿದ್ಯೆ ಹೋಗುವಾಗ ಸದ್ದೇ ಆಗುವುದಿಲ್ಲ. ನೂರು ಪುಟ ಓದಿ ನಾನು ತಿಳಿದದ್ದನ್ನು ಮಣ್ಣಿನಲ್ಲಿ ಗೀಚಿದ ಒಂದು ಗೀಟು ನೋಡಿ ಹೇಳಿದ ಮನುಷ್ಯ ಬೇಲಿಯಾಚೆ ಕೂತಿದ್ದಾರೆ. ಇಂಥವರು ಕುರುಗೋಡಿನಲ್ಲಿ, ಸಿರುಗುಪ್ಪದಲ್ಲಿ, ಎಲ್ಲ ಹಳ್ಳಿಯಲ್ಲೂ ಒಬ್ಬಿಬ್ಬರು ಇದ್ದಾರು. ಕಲ್ಲನ್ನು ಅಳೆದವರು ಇವರ ಕೈಯನ್ನೂ ಒಮ್ಮೆ ನೋಡಬೇಕು. ಕಾವು ಕೂಡಿಸಿದ ಒಂದು ಕಲ್ಲುಕೊಡಲಿಯನ್ನು ಇವರಿಂದಲೇ ಮಾಡಿಸಿ ಆ ಗಾಜಿನ ಪಕ್ಕದಲ್ಲಿ ಇಟ್ಟರೆ ಶಾಲೆಯ ಮಕ್ಕಳಿಗೆ ಎಷ್ಟು ಬೇಗ ಅರ್ಥವಾದೀತು!

ಇದನ್ನು ಹೇಳಿದಾಗ ತಾತ ಮೊದಲು ಮಾತಾಡಲಿಲ್ಲ. ಮೊಮ್ಮಗ ಮಾತ್ರ, “ಮಾಡು ತಾತಾ, ಕಟ್ಟಿಗಿ ನಾನು ತರ್ತೀನಿ” ಅಂದ. ಪೈಪಿನ ಕೊಡಲಿ ತರಬೇಕು ಅಂತ ಬೆಳಿಗ್ಗೆ ಹಟ ಹಿಡಿದಿದ್ದ ಹುಡುಗ.

“ಯಾವ ಕಟ್ಟಿಗಿ ತರ್ತೀ?”

“ದಿಂಡಿಗ.”

“ಅದು ಸೀಳ್ತೈತಿ ಇದಕ್ಕ. ಕರಿಜಾಲಿ ಬುಡದ್ದು ತಾ, ಬೇರು ಕೂಡಿದ ಕಡಿಂದು. ಅಲ್ಲಿ ಎಳಿ ಹೆಣಿಕಿ ಇರ್ತೈತಿ.” ಆಮೇಲೆ ನನ್ನ ಕಡೆ ತಿರುಗಿದರು. “ನೀನು ಬಳ್ಳಾರಿಗೆ ಹೋದಾಗ ಆ ಕಲ್ಲಿನ ಅಳತಿ ಕೇಳಕೊಂಡು ಬಾ. ಉದ್ದ ಬ್ಯಾಡ, ಅದು ಹೆಂಗಿದ್ರೂ ನಡೀತೈತಿ. ನಡುವ ಎಷ್ಟು ದಪ್ಪ ಐತಿ, ಹಿಂದಕ್ಕ ಎಷ್ಟು ಸಣ್ಣ ಆಗ್ತೈತಿ, ಅದನ್ನ ಕೇಳು. ಹಿಂಬದಿ ನುಣುಪ ಮಾಡ್ಯಾರೋ, ಒರಟ ಬಿಟ್ಟಾರೋ, ಅದನ್ನೂ ನೋಡು. ಒರಟ ಇದ್ರ ಕಟ್ಟಿಗಿ ಚಲೋ ಹಿಡೀತೈತಿ.”